ಪ್ರಾಣೇಶನ ನಲವತ್ತನೆಯ ತಲೆ

ಎಲ್ಲದಕ್ಕೂ ಕಾರಣ ಒಂದು ಮೀನಿನ ಮುಳ್ಳು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಧಾರವಾಡದ ಪ್ರಾಣೇಶನ ಬಾಳಿಗೆ ಅದು ಅಡ್ಡ ಬರಬಾರದಿತ್ತು. ಆದರೆ ಅವನ ಪ್ರಯೋಗಕ್ಕೆ ಬರಬೇಕಿದ್ದ ನಲವತ್ತನೆಯ ಹಿರಿಯರು ಹಿಂದಿನ ದಿನ ಮದುವೆಯೂಟದಲ್ಲಿ ಇಲಿಶ್ ಮೀನಿನ ಮುಳ್ಳನ್ನು ಗಂಟಲಿಗೆ ಸಿಕ್ಕಿಸಿಕೊಂಡು ಆಸ್ಪತ್ರೆ ಸೇರಿದ್ದರು.

ಪ್ರಾಣೇಶ ಕೋಲ್ಕತ್ತದಲ್ಲಿ ಮನಶ್ಶಾಸ್ತ್ರದ ಸಂಶೋಧಕ. ನಿವೃತ್ತರಾದವರು ಎಷ್ಟು ಧೈರ್ಯದಿಂದ ತೀರ್ಮಾನ ಮಾಡುತ್ತಾರೆ ಎಂಬುದು ಅವನ ವಿಷಯ. ಆಟ ಸರಳ: ಎರಡು ಕೆಂಪು ಇಸ್ಪೀಟು ಕಟ್ಟು, ಎರಡು ನೀಲಿ. ಕೆಂಪು ಎಲೆ ಎಳೆದರೆ ಅಂಕ ಧಾರಾಳವಾಗಿ ಬರುತ್ತದೆ, ಆಮೇಲೆ ಒಂದೇ ಏಟಿಗೆ ಎಲ್ಲ ನುಂಗಿಹಾಕುತ್ತದೆ. ನೀಲಿಯದು ಕಡಿಮೆ ಅಂಕ, ಆದರೆ ಕೈಬಿಡುವುದಿಲ್ಲ. ಇದನ್ನು ಪ್ರತಿಯೊಬ್ಬರೂ ಒಬ್ಬರೇ ಕೂತು, ಆಡುತ್ತಾ ತಾವೇ ಕಂಡುಕೊಳ್ಳಬೇಕು. ಮೂವತ್ತೊಂಬತ್ತು ಹಿರಿಯರು ಹೆದರಿ ಹೆದರಿ ನೀಲಿಗೇ ಅಂಟಿಕೊಂಡಿದ್ದರು. ಇನ್ನೊಂದು ತಲೆ ಸಿಕ್ಕಿದರೆ ಮಾಹಿತಿ ಪೂರ್ತಿ. ಅದನ್ನು ಒಪ್ಪಿಸಲು ಅಂದೇ ಕೊನೆಯ ದಿನ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಊರಲ್ಲಿ ಅವನು ಮದುವೆಯಾಗಬೇಕಿದ್ದ ಪ್ರಕೃತಿಯ ಅಪ್ಪ, ಅವನ ಹೆಸರಿನ ಮುಂದೆ ಡಾಕ್ಟರ್ ಎಂದು ಬಿದ್ದ ಮೇಲೆಯೇ ಲಗ್ನಪತ್ರಿಕೆ ಎಂದು ಪಟ್ಟು ಹಿಡಿದು ಕೂತಿದ್ದರು.

ಪ್ರಾಣೇಶ ಓಡಿದ್ದು ಮನೆಯ ಮುಂದಿನ ಕಟ್ಟೆಗೆ. ಮನೆಯ ಮಾಲೀಕರಾದ ಶ್ಯಾಮಸುಂದರ ಬಾಬು, ಅವರ ಅಕ್ಕ ಗೌರಿದಿ, ಔಷಧದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮನೀಷ್ ಬಾಬು, ಈ ಮೂವರೂ ಬೆಳಗಾದರೆ ಅಲ್ಲಿ ಹಾಜರು. ಲೇಕ್ ಮಾರ್ಕೆಟ್ಟಿನಿಂದ ಪುಡಿ ತಂದು ಪ್ರಾಣೇಶ ಮಾಡಿಕೊಡುವ ಫಿಲ್ಟರ್ ಕಾಫಿ ಕುಡಿಯದೆ ಅವರ ಹರಟೆಯ ಅಡ್ಡಾ ಶುರುವಾಗುತ್ತಿರಲಿಲ್ಲ.

"ದಾದಾ, ಒಂದು ಗಂಟೆ ನನ್ನ ಜೊತೆ ಬನ್ನಿ. ಕೂತು ಎಲೆ ಎಳೆದರೆ ಸಾಕು," ಎಂದು ಅವನು ತನ್ನ ಕುಂಟು ಬಂಗಾಳಿಯಲ್ಲಿ ಅಂಗಲಾಚಿದ.

"ಅದಕ್ಕೇನಂತೆ! ಮನೀಷ್, ಚಪ್ಪಲಿ ಹಾಕು. ದೀದಿ, ನೀನೂ ಬಾ," ಎಂದರು ಶ್ಯಾಮಸುಂದರ ಬಾಬು.

"ನೀವೊಬ್ಬರೇ ದಾದಾ, ನೀವೊಬ್ಬರೇ!"

"ಒಬ್ಬನೇ? ನಾನು ಒಂದು ಬದನೆಕಾಯಿಯನ್ನೂ ಒಬ್ಬನೇ ಆರಿಸಿದವನಲ್ಲ ಬಾಬಾ. ಹಲ್ಲು ಕೀಳಿಸಲು ಹೋದಾಗಲೂ ಯಾವ ಹಲ್ಲು ಅಂತ ಹೇಳಿದ್ದು ಮನೀಷನೇ."

ಪ್ರಯೋಗಾಲಯದ ಹೊರಗೆ ಎರಡು ಕುರ್ಚಿ ಹಾಕಿ, ಉಳಿದಿಬ್ಬರನ್ನು ಕೂರಿಸಿ, ಪ್ರಾಣೇಶ ಬಾಗಿಲು ಮುಚ್ಚಿದ. ಶ್ಯಾಮಸುಂದರ ಬಾಬು ಮೊದಲ ಎಲೆಗೆ ಕೈ ಚಾಚಿದ್ದೇ ತಡ, ಬಾಗಿಲು ತೆರೆದು ಗೌರಿದಿ ಇಣುಕಿದರು.

"ಕೆಂಪು ತೆಗಿ ಶ್ಯಾಮು, ಮಂಗಳವಾರ!"

"ಮಂಗಳವಾರಕ್ಕೂ ಇಸ್ಪೀಟಿಗೂ ಏನು ಸಂಬಂಧ?" ಎನ್ನುತ್ತಾ ಮನೀಷ್ ಬಾಬು ಕುರ್ಚಿಯ ಸಮೇತ ಒಳಗೆ ಬಂದರು. "ಆದರೂ ಕೆಂಪೇ ತೆಗಿ. ನೀಲಿ ಹೇಡಿಗಳಿಗೆ."

ಪ್ರಾಣೇಶ ಕೈ ಮುಗಿದ, ಗದರಿದ, ಹೊರಗೆ ನೂಕಲು ನೋಡಿದ. ಅಷ್ಟರಲ್ಲಿ ಗೌರಿದಿಯ ಚೀಲದಿಂದ ಸಮೋಸದಂಥ ಬಿಸಿ ಸಿಂಗಾಡಾ ಹೊರಬಂತು, ಅವನ ಬಾಯಿಗೂ ಒಂದು ತುರುಕಿದರು. ಬಾಯಿ ತುಂಬಿದವನು ಗದರುವುದು ಹೇಗೆ? ಕೆಂಪು ಕಟ್ಟು ಅಂಕ ಸುರಿಯಿತು, ಮೂವರೂ ಕೇಕೆ ಹಾಕಿದರು. ಕೆಂಪು ಕಟ್ಟು ಎಲ್ಲ ನುಂಗಿತು, ಮೂವರೂ ಒಬ್ಬರನ್ನೊಬ್ಬರು ಬೈದುಕೊಂಡು ಮತ್ತೆ ಕೆಂಪಿಗೇ ಕೈ ಹಾಕಿದರು. ಪಕ್ಕದ ವಿಭಾಗದವರು ಫುಟ್‌ಬಾಲ್ ಪಂದ್ಯವೆಂದುಕೊಂಡು ಸ್ಕೋರು ಕೇಳಲು ಬಂದರು.

ಅವರ ಹಿಂದೆಯೇ ಮಾರ್ಗದರ್ಶಕಿ ವಸಂತಾ ಮೇಡಮ್ ಬಂದರು. ಮೈಸೂರಿನವರು, ಸಿಟ್ಟು ಬಂದರೆ ಮಾತ್ರ ಕನ್ನಡ ಆಡುವವರು.

"ಏನಯ್ಯಾ ಇದು? ಲ್ಯಾಬೋ, ಸಂತೆಯೋ?"

"ಏನ್ ಮಾಡ್ಲಿರೀ ಮೇಡಮ್, ಹೇಳಿದ್ ಮಾತು ಕೇಳವಲ್ರು," ಎಂದ ಪ್ರಾಣೇಶ. ಪ್ರಕೃತಿಯ ಅಪ್ಪನ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು.

ಮೇಡಮ್ ಪರದೆಯ ಮೇಲಿನ ಅಂಕಗಳನ್ನು ನೋಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು.

"ಅಲ್ಲ ಕಣಯ್ಯಾ, ಒಬ್ಬೊಬ್ಬರೇ ಬಂದಾಗ ಬೆಕ್ಕಿನ ಥರ ಆಡಿದ್ದ ವಯಸ್ಸಾದವರು, ಗುಂಪಲ್ಲಿ ಹುಲಿಗಳಾಗ್ಬಿಟ್ಟಿದಾರಲ್ಲೋ! ಇದೇ ಒಂದು ಥೀಸಿಸ್ಸು!"

ನಂತರ ಹಿರಿಯರಿಗೂ ತಿಳಿಯಲೆಂದು ಬಂಗಾಳಿಯಲ್ಲಿ ಹೇಳಿದರು: ಪ್ರಾಣೇಶನ ಮುಂದೆ ಎರಡು ದಾರಿಯಿವೆ. ತಾವು ಒಂದು ದಿನ ಹೆಚ್ಚಿಗೆ ಕೊಡಿಸುತ್ತಾರೆ, ನಾಳೆ ಇನ್ನೊಬ್ಬರನ್ನು ಕರೆತಂದು ಹಳೆಯ ಕೆಲಸ ಮುಗಿಸಬಹುದು, ಬೇಸಿಗೆಗೆ ಡಾಕ್ಟರ್. ಇಲ್ಲವೇ ಈ ಹೊಸ ವಿಷಯ ಹಿಡಿಯಬಹುದು. ದೊಡ್ಡ ಹೆಸರು ಬರುತ್ತದೆ, ಆದರೆ ಮೊದಲಿನಿಂದ ಶುರು.

ಪ್ರಾಣೇಶ "ಹಳೇ..." ಎಂದು ಬಾಯಿ ತೆರೆದ.

"ಹೊಸದು! ಹೊಸದು!" ಮೂವರೂ ಮೇಜು ಗುದ್ದಿದರು. "ನಮ್ಮ ಪ್ರಾಣೇಶ್ ಹೇಡಿಯಲ್ಲ!" ಫುಟ್‌ಬಾಲ್ ಸ್ಕೋರು ಕೇಳಲು ಬಂದವರೂ ದನಿಗೂಡಿಸಿದರು.

ಹುಟ್ಟಿದಾಗಿನಿಂದ ಯಾರೂ ಅವನ ಹೆಸರಿಗೆ ಹೀಗೆ ಕೂಗು ಹಾಕಿರಲಿಲ್ಲ. ಎದೆ ಉಬ್ಬಿತು, ಕಿವಿ ಬಿಸಿಯಾಯಿತು. "ಹೊಸದೇ!" ಎಂದು ಅವನೂ ಮೇಜು ಗುದ್ದಿದ. ಮೇಡಮ್ ಕೈ ಕುಲುಕಿದರು. ಮನೀಷ್ ಬಾಬು ಸಂದೇಶ್ ಮಿಠಾಯಿ ತರಿಸಿದರು. ನಾಲ್ವರೂ ಟ್ರೋಫಿ ಗೆದ್ದ ತಂಡದಂತೆ ಟ್ರಾಮಿನಲ್ಲಿ ಹಾಡುತ್ತಾ ಮನೆಗೆ ಬಂದರು.

ಸಂಜೆ ಗೆಲುವಿನ ಕಾಫಿ ಕಟ್ಟೆಯ ಮೇಲೆ ನೊರೆಯಾಡುತ್ತಿದ್ದಾಗ ಪ್ರಕೃತಿಯ ಫೋನ್ ಬಂತು.

"ಏನಾತು?"

"ಗೆದ್ದೆ ನೋಡು!"

"ಖರೇನ? ಹಂಗಾರ ಅಪ್ಪಾಗ ಛತ್ರ ನೋಡಂತ ಹೇಳ್ಲಿ?"

ಪ್ರಾಣೇಶನ ಕಿವಿ ತಣ್ಣಗಾಯಿತು. ಬೆಳಗ್ಗೆ ಅವನಿಗೆ ಒಂದು ತಲೆ ಕಡಿಮೆಯಿತ್ತು. ಈಗ ಮೂವತ್ತೊಂಬತ್ತು ಗುಂಪು ಕಡಿಮೆ.

"ಹೇಳು... ಮೂರು ವರ್ಷ ಬಿಟ್ಟು," ಎಂದ. ಆ ಕಡೆ ಫೋನ್ ಇಟ್ಟ ಸದ್ದು ಕಟ್ಟೆಯವರಿಗೂ ಕೇಳಿಸಿತು.

"ದಾದಾ, ಅಷ್ಟು ಧೈರ್ಯವಾಗಿ ಹೊಸದು ಅಂತ ಯಾಕೆ ಕೂಗಿದಿರಿ?" ಎಂದು ಅವನು ಗೋಳಾಡಿದ.

ಶ್ಯಾಮಸುಂದರ ಬಾಬು ಲೋಟದ ತಳದ ಕೊನೆಯ ಗುಟುಕನ್ನೂ ಬಿಡದೆ ಹೀರಿದರು.

"ಧೈರ್ಯವೇ? ನೀನು ಡಾಕ್ಟರಾಗಿ ಬೇಸಿಗೆಗೆ ಊರಿಗೆ ಹೋಗಿಬಿಟ್ಟರೆ ಈ ಕಾಫಿ ಮಾಡಿಕೊಡುವವರು ಯಾರು? ಇಸ್ಪೀಟಿನಲ್ಲಿ ಕೆಂಪು ಎಳೆಯಬಹುದು ಬಾಬಾ. ಕಾಫಿಯ ವಿಷಯದಲ್ಲಿ ನಮ್ಮದು ಯಾವತ್ತೂ ನೀಲಿಯೇ," ಎಂದು ಖಾಲಿ ಲೋಟವನ್ನು ಅವನ ಮುಂದೆ ಚಾಚಿದರು.