ಖಾತೆಯಿಲ್ಲದ ಮಾವನ ಜಗತ್ತಿನ ಬ್ಯಾಂಕುಗಳು

ನಮ್ಮ ಸೋದರಮಾವನಿಗೆ ಜಗತ್ತಿನ ಬ್ಯಾಂಕುಗಳೆಲ್ಲ ಗೊತ್ತಿದ್ದವು. ಯಾವ ದೇಶದ ಯಾವ ಊರಿನ ಯಾವ ಬೀದಿಯಲ್ಲಿ ಯಾವ ಬ್ಯಾಂಕಿದೆ ಎಂದು ಕೇಳಿದರೆ, ಬಾಯಲ್ಲಿನ ಎಲೆಅಡಿಕೆ ಈ ದವಡೆಯಿಂದ ಆ ದವಡೆಗೆ ಹೋಗುವಷ್ಟರಲ್ಲಿ ಉತ್ತರ ಬರುತ್ತಿತ್ತು. ಆದರೆ ಆ ಪುಣ್ಯಾತ್ಮನಿಗೆ ಒಂದೇ ಒಂದು ಬ್ಯಾಂಕಿನಲ್ಲೂ ಖಾತೆ ಇರಲಿಲ್ಲ! "ಅದ್ಯಾಕೆ ಮಾವ?" ಎಂದು ಕೇಳಿದರೆ, "ಮದ್ವೆ ಮನೆ ಅಡುಗೆಭಟ್ಟ ಎಲ್ಲಾ ಪಂಕ್ತೀಲೂ ಕೂತು ಉಣ್ತಾನೇನೇ?" ಎನ್ನುತ್ತಿದ್ದರು. ಇಂಥವರ ಜೊತೆ ಯಾರು ವಾದ ಮಾಡುತ್ತಾರೆ? ನಾನಂತೂ ಮಾಡಲಿಲ್ಲ.

ಮಾವ ತಿಪಟೂರಿನ ಒಂದು ಮಂಡಿಯಲ್ಲಿ ಮೂವತ್ತು ವರ್ಷ ಕೊಬ್ಬರಿ ಆರಿಸುವ ಕೆಲಸ ಮಾಡಿದವರು. ಚೀಲದ ಬಾಯಿ ಬಿಚ್ಚಿ ಮೂಗು ಒಡ್ಡಿದರೆ ಸಾಕು, ಇದು ನೊಣವಿನಕೆರೆ ಕಡೆಯದು, ಇದು ದಂಡಿನಶಿವರದ್ದು, ಇದನ್ನು ಒಣಗಿಸಿದ ಅಟ್ಟ ಸೋರುತ್ತದೆ ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ಒಬ್ಬ ರೈತನಿಗೆ, "ನಿಮ್ಮನೇಲಿ ಬೆಕ್ಕು ಅಟ್ಟದ ಮೇಲೆ ಮರಿ ಹಾಕೈತೆ, ನೋಡ್ಕೊ ಹೋಗು" ಎಂದರಂತೆ. ಆತ ಮನೆಗೆ ಹೋಗಿ ನೋಡಿದರೆ ನಾಲ್ಕು ಮರಿ! ಅಂಥ ಮೂಗಿನ ಮನುಷ್ಯ ಐವತ್ತೆರಡನೇ ವಯಸ್ಸಿನಲ್ಲಿ ಕೆಲಸ ಬಿಟ್ಟು, ಎಸ್‌ಟಿಡಿ ಬೂತು ಹಾಕಿ, ಅದರ ಪಕ್ಕದಲ್ಲೇ ಎರಡು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ತೆರೆದರು. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಬಂದು ಕಂಪ್ಯೂಟರಿಗೆ ಕುಂಕುಮ ಇಟ್ಟು ಹೋದರು.

ಆ ಹೊತ್ತಿಗೆ ನಮ್ಮ ಕಡೆಯ ಕೊಬ್ಬರಿಪುಡಿ ಮಿಲ್ಲುಗಳವರು ಹೊರದೇಶಕ್ಕೆ ಮಾಲು ಕಳಿಸಲು ಶುರು ಮಾಡಿದ್ದರು. ಕೊಳ್ಳುವವರ ಬ್ಯಾಂಕಿಗೆ ಒಂದು ಕೋಡ್ ಇರುತ್ತದಲ್ಲ, ಅದು ಸರಿಯೋ ತಪ್ಪೋ ಎಂದು ನೋಡಿಸಲು ಮಾವನ ಹತ್ತಿರ ಬರುತ್ತಿದ್ದರು. ಎಂಟು ಅಕ್ಷರದ ಕೋಡು. ಕೆಲವಕ್ಕೆ ಹನ್ನೊಂದು. ಮೊದಲ ನಾಲ್ಕು ಬ್ಯಾಂಕಿನವು, ಆಮೇಲೆ ಎರಡು ದೇಶದವು, ಮತ್ತೆರಡು ಊರಿನವು, ಕೊನೆಯ ಮೂರು ಶಾಖೆಯವು. ಮಾವ ಎಲ್ಲೆಲ್ಲೋ ಜಾಲಾಡಿ ಒಂದು ತಾಣ ಹುಡುಕಿದ್ದರು. ಅದರಲ್ಲಿ ಪ್ರೋಗ್ರಾಂ ಬರೆಯುವವರಿಗಾಗಿ ಎಪಿಐ ಎಂಬ ಒಂದು ಏರ್ಪಾಡು. ವಿಳಾಸದ ತುದಿಯಲ್ಲಿ ಕೋಡು ಬರೆದು ಕಳಿಸಿದರೆ ಚಿತ್ರವಿಲ್ಲ, ಜಾಹೀರಾತಿಲ್ಲ, ಬರೀ ನಾಲ್ಕು ಸಾಲು ಉತ್ತರ: ಬ್ಯಾಂಕು, ಶಾಖೆ, ಊರು, ದೇಶ.

"ಬೇರೆ ಪುಟ ಎಲ್ಲಾ ಅಂಗಡಿ ಮುಂದಿನ ಬೋರ್ಡು ಕಣೇ. ಇದು ಗೋಡೌನ್ ಬಾಗ್ಲು. ಇಲ್ಲಿ ಮಾತಿಲ್ಲ ಕತೆಯಿಲ್ಲ, ಕೇಳಿದ ಮಾಲು ಎತ್ತಿ ಕೊಡ್ತಾರೆ" ಎಂದು ನನಗೆ ವಿವರಿಸಿದರು. ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ! ಎಪಿಐ ಎಂದರೇನು ಎಂದು ಇಷ್ಟು ಸಲೀಸಾಗಿ ನನಗೆ ಆಮೇಲೂ ಯಾರೂ ಹೇಳಿಕೊಟ್ಟಿಲ್ಲ.

ಆ ಗೋಡೌನಿನ ಕೀಲಿ ಸಿಗಬೇಕಾದರೆ ಒಂದು ಅರ್ಜಿ ತುಂಬಬೇಕಿತ್ತು. ಸಂಸ್ಥೆಯ ಹೆಸರು, ಉದ್ಯೋಗಿಗಳು ಎಷ್ಟು, ಎಂದೆಲ್ಲ. ಮಾವ ಉದ್ಯೋಗಿಗಳು ಇಬ್ಬರು ಎಂದು ತುಂಬಿದರು. ಎರಡನೆಯವರು ಯಾರೆಂದು ಅತ್ತೆ ಕೇಳಿದರು.

"ನೀನೇ."

"ನಾನಾ! ಸಂಬಳ ಎಲ್ರೀ?"

"ಟ್ರೈನಿಂಗಲ್ಲಿದೀಯ, ಸುಮ್ನಿರು."

ಪುಕ್ಕಟೆ ಸೇವೆಯಾದ್ದರಿಂದ ದಿನಕ್ಕೆ ಇಪ್ಪತ್ತೈದೇ ಪ್ರಶ್ನೆ. ಮಾವ ಅದನ್ನು ನ್ಯಾಯಬೆಲೆ ಅಂಗಡಿ ಸೀಮೆಎಣ್ಣೆಯಂತೆ ಹಂಚುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಬಂದ ಮಿಲ್ಲಿನ ಮಾಲೀಕರಿಗೆ "ಇವತ್ತಿಂದು ಮುಗೀತು, ನಾಳೆ ಬೆಳಿಗ್ಗೆ ಬನ್ನಿ" ಎಂದು ಕೈ ಮುಗಿಯುವರು. ಆದರೆ ಮುಗಿದದ್ದು ಹೇಗೆ? ಬೆಳಿಗ್ಗೆ ಇವರೇ ಕೂತು ಎಲ್ಲೋ ಸಮುದ್ರದ ನಡುವಿನ ದ್ವೀಪಗಳ ಬ್ಯಾಂಕುಗಳನ್ನೆಲ್ಲ ವಿಚಾರಿಸಿಕೊಂಡಿರುತ್ತಿದ್ದರು! ನೋಡಿದ್ದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುವರು. ಅರಸೀಕೆರೆಯ ಆಚೆಗೆ ರೈಲು ಹತ್ತದ ಮನುಷ್ಯನಿಗೆ ಫಿಜಿಯ ಬೀದಿಗಳು ಬಾಯಿಪಾಠವಾದದ್ದು ಹೀಗೆ.

ಆ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪ್ರತ್ಯೇಕ ಪುಟವಿತ್ತು. ತಲೆಬರಹ: ಕೌಟು ಬ್ಯಾಂಕುಗಳು. ಮಾವ ಕೆಲಸ ಮಾಡಿದ ಮಂಡಿಯಲ್ಲಿ ಕೊಬ್ಬರಿ ಕೆಟ್ಟು ಕೌಟು ವಾಸನೆ ಬಂದರೆ ಆ ಚೀಲದ ಮೇಲೆ ಇದ್ದಿಲಿನಲ್ಲಿ ಮೂರು ಕತ್ತರಿ ಗುರುತು ಎಳೆಯುತ್ತಿದ್ದರು. ಗುರುತು ಬಿದ್ದ ಚೀಲವನ್ನು ಆಮೇಲೆ ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಈಗ ಕೆಲವು ಬ್ಯಾಂಕ್ ಕೋಡುಗಳ ಕೊನೆಯಲ್ಲೂ ಸಾಲಾಗಿ ಮೂರು ಎಕ್ಸ್ ಅಕ್ಷರ ಬರುತ್ತಿದ್ದವು. ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? "ಇದು ತಗ್ದಾಕಿದ್ದು ಕಣ್ರೀ, ಬೇರೆ ಒಳ್ಳೇದು ತನ್ನಿ" ಎಂದು ಚೀಟಿ ವಾಪಸ್ಸು ಕೊಟ್ಟುಬಿಡುತ್ತಿದ್ದರು. ಅಂಥದಕ್ಕೆ ಒಂದು ಪ್ರಶ್ನೆಯನ್ನೂ ದಂಡ ಮಾಡುತ್ತಿರಲಿಲ್ಲ.

ಹೀಗಿರುವಾಗ ಒಂದು ಗುರುವಾರ ಹುಳಿಯಾರಿನ ಆಚೆಯ ಒಂದು ಹಟ್ಟಿಯಿಂದ ಈರಮ್ಮ ಎಂಬ ಹೆಂಗಸು ಬಂದಳಂತೆ. ನಾನಾಗ ತುರುವೇಕೆರೆಯಲ್ಲಿ ಹೈಸ್ಕೂಲು ಟೀಚರು. ಶನಿವಾರ ಮಧ್ಯಾಹ್ನ ಮಾವನ ಮನೆಗೆ ಬಂದಾಗ ಅತ್ತೆ ಇದನ್ನು ಹೇಳಿದರು. ಈರಮ್ಮನ ತಮ್ಮ ಒಬ್ಬ ಏಜೆಂಟನ ಮೂಲಕ ಕುರಿ ಮೇಯಿಸುವ ಕೆಲಸಕ್ಕೆ ದುಬೈಗೆ ಎಂದು ಹೋದವನು. ಮುಂಬೈಯಿಂದ ಒಂದು ಫೋನು ಮಾಡಿದ್ದೇ ಕೊನೆ. ಎಂಟು ತಿಂಗಳು ಕಾಗದವಿಲ್ಲ, ಮಾತಿಲ್ಲ. ಏಜೆಂಟನೂ ಪತ್ತೆಯಿಲ್ಲ. ಅಲ್ಲಿ ಬರೀ ಮರಳು, ಒಂದು ಗಿಡವಿಲ್ಲ, ನೆರಳಿಲ್ಲ, ಕುರಿಯ ಜೊತೆ ಕುರಿಯವನೂ ಬೆಂದುಹೋಗುತ್ತಾನೆ ಎಂದು ಹಟ್ಟಿಯವರು ಇವಳ ಕಿವಿಗೆ ತುಂಬಿದ್ದರು. ಈಗ ಇದ್ದಕ್ಕಿದ್ದಂತೆ ಅವಳ ಖಾತೆಗೆ ತಮ್ಮನ ಹೆಸರಿನಲ್ಲಿ ಹೊರದೇಶದಿಂದ ಹಣ ಬಂದಿತ್ತು. ಎಲ್ಲಿಂದ ಎಂದು ಕೇಳಿದ್ದಕ್ಕೆ ಬ್ಯಾಂಕಿನಲ್ಲಿ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿದ್ದದ್ದು ಒಂದು ಕೋಡು.

"ದುಡ್ಡು ಬಂತು ಸಾಮಿ, ದುಡ್ಡಿನ ಸಮಾಚಾರ ಬುಡಿ. ಅವ್ನು ಎಲ್ಲವ್ನೆ ಅಂತ ಒಂದೀಟು ನೋಡ್ಕೊಡಿ" ಎಂದಳಂತೆ ಈರಮ್ಮ.

ಮಾವ ಚೀಟಿ ನೋಡಿದರು. ಕೊನೆಯಲ್ಲಿ ಮೂರು ಕತ್ತರಿ.

"ಇದು ಕೆಟ್ಟೋಗಿರೋ ಬ್ಯಾಂಕು ಕಣವ್ವ. ಇದ್ರಿಂದ ಏನೂ ತಿಳಿಯಾಕಿಲ್ಲ."

ಆಕೆ ಅತ್ತೆ ತಂದ ಮಜ್ಜಿಗೆಯನ್ನೂ ಮುಟ್ಟದೆ, ಸೆರಗು ಬಾಯಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳಂತೆ. ಕೋಡನ್ನು ಮಾತ್ರ ಮಾವ ಕೌಟು ಪುಟದಲ್ಲಿ ಶ್ರದ್ಧೆಯಿಂದ ಬರೆದಿಟ್ಟಿದ್ದರು.

ನನಗೆ ಯಾಕೋ ಅನುಮಾನ ಬಂತು. ಆ ತಾಣದ ಸಹಾಯದ ಪುಟ ತೆಗೆದು ಇಂಗ್ಲಿಷಿನಲ್ಲಿದ್ದುದನ್ನು ಓದಿದೆ. ಕೊನೆಗೆ ಮೂರು ಎಕ್ಸ್ ಇದ್ದರೆ ಅದು ಆ ಬ್ಯಾಂಕಿನ ಪ್ರಧಾನ ಕಚೇರಿ ಎಂದಿತ್ತು! ಅಂದರೆ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳ ಪ್ರಧಾನ ಕಚೇರಿಗಳನ್ನೆಲ್ಲ ತಿಪಟೂರಿನ ಒಬ್ಬ ಮನುಷ್ಯ ಎರಡು ವರ್ಷದಿಂದ ಕೌಟು ಎಂದು ಮೂಲೆಗೆ ಹಾಕಿ ಕೂತಿದ್ದರು! ನನಗೆ ನಗು ತಡೆಯಲಿಲ್ಲ. ಅತ್ತೆಯಂತೂ ಗೋಡೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಿಲ್ಲಿನವ್ರು ಬುಡು, ಬೈಕೊಂಡು ಸುಮ್ನಾಯ್ತಾರೆ. ಆ ಹೆಣ್ಮಗಳಿಗೆ ಕೆಟ್ಟೋಗೈತೆ ಅಂದ್ಬುಟ್ನಲ್ಲೇ. ಅವಳು ಬ್ಯಾಂಕು ಅಂತ ತಿಳ್ಕೊಂಡ್ಳೋ, ತಮ್ಮ ಅಂತ ತಿಳ್ಕೊಂಡ್ಳೋ?"

ತಕ್ಷಣ ಕೋಡು ಹಾಕಿ ಕೇಳಿದೆವು. ಒಮಾನ್ ದೇಶ, ಮಸ್ಕತ್ ನಗರ ಎಂದು ಉತ್ತರ ಬಂತು. ದುಬೈ ಅಲ್ಲವೇ ಅಲ್ಲ. ಆಕೆಯ ಹಟ್ಟಿಗೆ ಫೋನಿಲ್ಲ. ತಮ್ಮ ಮಗಳ ನಿಶ್ಚಿತಾರ್ಥದ ದಿನವೂ ಅಂಗಡಿಯ ಅರ್ಧ ಬಾಗಿಲು ತೆರೆದೇ ಇಟ್ಟಿದ್ದ ಮಾವ ಎದ್ದು ಚಪ್ಪಲಿ ಮೆಟ್ಟಿದರು. "ನೀನು ಕುರ್ಚಿ ಬುಟ್ಟು ಏಳ್ಬೇಡ, ಏನಾರ ಕೇಳ್ಬೇಕಾದ್ರೆ ಫೋನ್ ಮಾಡ್ತೀನಿ" ಎಂದವರೇ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದರು. ಅಲ್ಲಿಂದ ಹುಳಿಯಾರು, ಹುಳಿಯಾರಿನಿಂದ ಆ ಬಿಸಿಲಲ್ಲಿ ಹಟ್ಟಿಗೆ ನಡಿಗೆ. ಮಂಡಿನೋವು ಎಂದು ಅಟ್ಟ ಹತ್ತುವುದನ್ನೇ ಬಿಟ್ಟಿದ್ದ ಮನುಷ್ಯ ಇವರು!

ಸಂಜೆ ಆರೂವರೆಗೆ ಫೋನು ಬಂತು. ಹುಳಿಯಾರಿನ ಬೂತಿನಿಂದ ಮಾವ.

"ಈರಮ್ಮನ್ನೂ ಕರ್ಕೊಂಡ್ ಬಂದಿದೀನಿ ಕಣೇ. ನೆನ್ನೆ ಇನ್ನೊಂದೀಟು ದುಡ್ಡು ಬಂದೈತಂತೆ, ಅದ್ರ ಚೀಟಿ ಐತೆ. ಬ್ಯಾಂಕು ಅದೇ, ಕೊನೇ ಮೂರು ಬೇರೆ. ಬರ್ಕೊ."

ಒಂದೊಂದೇ ಅಕ್ಷರ ಹೇಳಿದರು, ನಾನು ಒಂದೊಂದೇ ಕುಟ್ಟಿದೆ. ಉತ್ತರ ಬರುವವರೆಗೂ ಆ ಕಡೆಯಿಂದ ಈರಮ್ಮನ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಸಲಾಲಾ ಎಂಬ ಊರಿನ ಶಾಖೆ ಎಂದು ಬಂತು. ನನಗೂ ಗೊತ್ತಿಲ್ಲದ ಊರು, ಮಾವನ ನೋಟ್‌ಬುಕ್ಕಿನಲ್ಲೂ ಇಲ್ಲದ ಊರು. ಬೇರೆ ಪುಟದಲ್ಲಿ ಹುಡುಕಿ ಓದುತ್ತಾ ಹೋದೆ. "ಮಾವ, ಅಲ್ಲಿ ಮುಂಗಾರು ಬರುತ್ತಂತೆ. ಬೆಟ್ಟವೆಲ್ಲ ಹಸಿರಾಗುತ್ತಂತೆ, ದನ ಮೇಯುತ್ತವಂತೆ. ಮಾವ, ತೆಂಗಿನ ತೋಟ ಇದೆಯಂತೆ!"

"ಏನಂದೆ?"

"ತೆಂಗಿನ ಮರ. ಸಾಲುಸಾಲು. ಚಿತ್ರ ಹಾಕಿದ್ದಾರೆ. ದಾರಿ ಬದಿಯಲ್ಲಿ ಎಳನೀರು ಮಾರುತ್ತಿದ್ದಾರೆ."

"ಕಾಯಿ ದಪ್ಪ ಐತಾ ನೋಡೇ" ಎಂದರು. ಅಭ್ಯಾಸಬಲ!

ಬ್ಯಾಂಕಿನ ಊರೇ ಮನುಷ್ಯನ ಊರಾಗಬೇಕೆಂದಿಲ್ಲ, ಅವನು ಅಲ್ಲಿಂದ ನೂರು ಮೈಲಿ ದೂರದ ಮರಳಿನಲ್ಲೂ ಇರಬಹುದು ಎಂದು ನನಗೆ ಗೊತ್ತಿತ್ತು. ಟೀಚರಲ್ಲವೇ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾವ ಆಕೆಗೆ ಹೇಳುವುದು ಕೇಳಿಸಿತು. "ನಿನ್ ತಮ್ಮ ದುಡ್ಡು ಕಟ್ಟಿರೋ ಊರಲ್ಲಿ ತೆಂಗಿನ ಮರ ಅವೆ ಕಣವ್ವ. ನಮ್ಮೂರಂಗೇ. ನಾನು ಕೆಟ್ಟೋಗೈತೆ ಅಂದಿದ್ದು ತಪ್ಪಾಯ್ತು ಕಣವ್ವ. ಕ್ಷಮಿಸ್ಬುಡು." ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ರಿಸೀವರಿನಿಂದ ದೂರದಲ್ಲಿ ಈರಮ್ಮ, ಮಾವನಿಗೋ ತನಗೋ, ಹೇಳಿದಳು:

"ಹಂಗಾರೆ ನೆಳ್ಳೈತೆ ಬುಡಪ್ಪ."