ಬೇವಿನ ಮರದ ತನಕ ಕಟ್ಟಿದ ಇತಿಹಾಸ

ಇತಿಹಾಸ ಕಲಿಸುವವನು ನಗೆಪಾಟಲಾಗುವುದು ಹೊಸದೇನಲ್ಲ. ಎಂಬತ್ತರ ದಶಕದಲ್ಲಿ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದಾಗ ವಾರಕ್ಕೊಮ್ಮೆಯಾದರೂ ಅದು ಆಗುತ್ತಿತ್ತು. ಎಲ್ಲಕ್ಕೂ ಕಾರಣ ಒಂದು ಹಗ್ಗ.

ಶಾಲೆಯ ಬಾವಿಗೆಂದು ತಂದ ಹೊಸ ಹಗ್ಗವನ್ನು ಹೆಡ್‌ಮಾಸ್ತರರ ಹತ್ತಿರ ಕಾಡಿ ಬೇಡಿ ಇಸಿದುಕೊಂಡು ತರಗತಿಯಲ್ಲಿ ಕಟ್ಟಿದ್ದೆ. ಕರಿಹಲಗೆಯ ಹತ್ತಿರ ಈ ವರ್ಷ, ಅಲ್ಲಿಂದ ಹಿಂದಕ್ಕೆ ಒಂದು ಗೇಣಿಗೆ ಇಪ್ಪತ್ತು ವರ್ಷ. ಯಾರು ಯಾವ ಕಾಲದವರೋ ಅಲ್ಲಿ ಅವರ ಹೆಸರು ಬರೆದ ಬಟ್ಟೆಚೂರು. ಮಧ್ಯಾಹ್ನದ ಗಾಳಿಗೆ ಶತಮಾನಗಳೆಲ್ಲ ಮೆಲ್ಲಗೆ ತೂಗುತ್ತಿದ್ದವು. ಅವನ್ನೇ ನೋಡುತ್ತ ಎಷ್ಟೋ ಸಲ ಪಾಠ ಮರೆತು ನಿಂತುಬಿಡುತ್ತಿದ್ದೆ. ಆ ಹಗ್ಗವೆಂದರೆ ನನಗೆ ಜೀವ.

"ಇನ್ಸ್‌ಪೆಕ್ಟರ್ ಸಾಹೇಬ್ರು ಬಂದು ನೋಡ್ಲಿ. ಬ್ಯಾಡ ಅಂದ್ರ ಅವತ್ತೇ ಬಾವಿಗಿ" ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿಟ್ಟಿದ್ದರು.

ಅಶೋಕ ಕಾಣೆಯಾದದ್ದು

ಬಸವಣ್ಣನವರು ಕಿಟಕಿಯ ಹತ್ತಿರ ಬಂದರು. ಅಶೋಕನಿಗೆ ಮಾತ್ರ ಕೋಣೆ ಸಾಲಲಿಲ್ಲ. ಹಗ್ಗವನ್ನು ಕಿಟಕಿಯಿಂದ ಹೊರಗೆ ಬಿಟ್ಟು ಅಂಗಳದ ಬೇವಿನ ಮರಕ್ಕೆ ಬಿಗಿದೆವು. ಮರುದಿನ ಹೆಡ್‌ಮಾಸ್ತರರು ಮರದ ಕೆಳಗೆ ನಿಂತು ಕೇಳಿದರು, "ಅಶೋಕ ಎಲ್ಲಿ ಹೋದನ್ರೀ?"

ಮಕ್ಕಳು ಒಕ್ಕೊರಲಿನಿಂದ, "ಆಡು ತಿಂತ್ರೀ ಸರ!"

ಅವರು ಗಂಭೀರವಾಗಿ ನನ್ನ ಕಡೆ ತಿರುಗಿದರು. "ನಾಳಿಂದ ಚಕ್ರವರ್ತಿಗೋಳನ್ನ ಒಂದೀಟು ಮ್ಯಾಲ ಕಟ್ರಿ."

ಅಜ್ಜಿಯ ಎಮ್ಮೆ

ಮನೆಯ ಹಿರಿಯರು ಹುಟ್ಟಿದ ವರ್ಷ ಕೇಳಿಕೊಂಡು ಬನ್ನಿ ಎಂದಿದ್ದೆ. ಒಬ್ಬ ಹುಡುಗಿ ಅಜ್ಜಿಯನ್ನೇ ಕರೆತಂದಳು. ಅಜ್ಜಿ ಹಗ್ಗದ ಉದ್ದಕ್ಕೂ ನಡೆದು ಹೇಳಿದಳು, "ನಮ್ಮ ಕರಿ ಎಮ್ಮಿ ಮೊದಲ ಕರ ಹಾಕಿದ ವರ್ಷ ನಾ ಹುಟ್ಟೇನಿ. ಮೊದ್ಲಿಗಿ ಎಮ್ಮಿ ಕಟ್ರಿ."

"ಯವ್ವಾ, ಇದು ರಾಜರ ಹಗ್ಗ. ಎಮ್ಮಿ ಕಟ್ಟೂದು ಹ್ಯಾಂಗ?"

"ಎಮ್ಮಿ ಇಲ್ದ ನಾ ಹುಟ್ಟೂದು ಹ್ಯಾಂಗ್ರೀ?"

ಒಂದು ಚೂರಿನ ಮೇಲೆ 'ಕರಿ ಎಮ್ಮೆ' ಎಂದು ಬರೆದೆ. ಎಮ್ಮೆಯನ್ನು ಕಟ್ಟಿದೆ.

ಸಾಹೇಬರ ಕರವಸ್ತ್ರ

ಮಕ್ಕಳು ತಮ್ಮದೂ ಕಟ್ಟಬೇಕೆಂದು ಹಟ ಹಿಡಿದರು. ಅವರಿಗಾಗಿ ಹನ್ನೆರಡು ತಿಂಗಳಿಗೆ ಹನ್ನೆರಡು ಗಂಟು ಹಾಕಿ ಇನ್ನೊಂದು ಚಿಕ್ಕ ಹಗ್ಗ ಕಟ್ಟಿದೆ. ಶಾಲೆಯ ದಾಖಲೆ ನೋಡಿ, ಹುಟ್ಟಿದ ತಿಂಗಳಿಗೆ ತಂತಮ್ಮ ಚೂರು ಕಟ್ಟಿರೆಂದು ಹೇಳಿ ಹೊರಗೆ ಹೋದೆ. ದಾಖಲೆಯಲ್ಲಿ ನಾವು ಏನು ಬರೆದಿರುತ್ತೇವೆಂಬುದು ಆ ಗಳಿಗೆ ಮರೆತೇಹೋಗಿತ್ತು. ಬಂದು ನೋಡಿದರೆ ಹನ್ನೊಂದು ಗಂಟು ಬೋಳು. ಜೂನ್ ಗಂಟಿನಲ್ಲಿ ಚೂರುಗಳ ದೊಡ್ಡ ಮುದ್ದೆ, ಆ ಭಾರಕ್ಕೆ ಹಗ್ಗ ನೆಲ ಮುಟ್ಟಿತ್ತು.

ಬಿಚ್ಚೋಣವೆಂದರೆ ಜೀಪು ಬಂದೇಬಿಟ್ಟಿತು.

ಇನ್ಸ್‌ಪೆಕ್ಟರ್ ಸಾಹೇಬರು ಮುದ್ದೆಯನ್ನು ಕೈಯಲ್ಲಿ ಹಿಡಿದು ಕೇಳಿದರು, "ಊರಿನ ಹುಡುಗ್ರೆಲ್ಲಾ ಒಂದೇ ತಿಂಗಳದಾಗ ಹುಟ್ಟ್ಯಾರೇನ್ರೀ?"

ಹೇಳದೆ ಗತಿಯಿರಲಿಲ್ಲ. "ಶಾಲಿಗಿ ಸೇರಿಸೂ ಮುಂದ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರೂದಿಲ್ರೀ. ಎಳ್ಳಮಾಸಿಗಿ ಹುಟ್ಟ್ಯಾನ, ಜ್ವಾಳದ ರಾಶಿ ಮಾಡೂ ಮುಂದ ಹುಟ್ಟ್ಯಾಳ ಅಂತಾರ್ರೀ. ಶಾಲಿ ಸುರು ಆಗೂ ದಿನಕ್ಕ ವಯಸ್ಸು ಸರಿ ಬರ್ಲಿ ಅಂತ ಎಲ್ಲಾರಿಗೂ ಜೂನ್ ಒಂದು ಬರಿತೇವ್ರೀ."

ಹೆಡ್‌ಮಾಸ್ತರರು ಆಗಲೇ ದೊಡ್ಡ ಹಗ್ಗದ ತುದಿ ಬಿಚ್ಚತೊಡಗಿದ್ದರು. ನನಗೆ ಅಳುವೇ ಬಂದಿತ್ತು.

ಸಾಹೇಬರು ಕಿಟಕಿಯ ತನಕ ನಡೆದು, ಬೇವಿನ ಮರದವರೆಗೂ ಹಗ್ಗವನ್ನು ನೋಡಿ ಬಂದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಅಂಚು ಹರಿದು, ಜೂನ್ ಗಂಟಿಗೆ ತಾವೇ ಕಟ್ಟಿದರು.

"ನಮ್ಮವ್ವ ನನ್ನ ಹೋಳಿ ಹುಣ್ಣಿಮಿಗಿ ಹಡದಿದ್ಳು. ನಮ್ಮ ಮಾಸ್ತರ್ರು ಜೂನ್ ಒಂದು ಬರದ್ರು. ಹಗ್ಗ ಇರ್ಲಿ ಬಿಡ್ರಿ."

ಹೆಡ್‌ಮಾಸ್ತರರ ಕೈ ಅಲ್ಲೇ ನಿಂತಿತು. ಬಿಚ್ಚಿದ್ದನ್ನು ಮತ್ತೆ ಬಿಗಿದು ಹತ್ತಿರ ಬಂದರು, ತಮ್ಮ ಕರವಸ್ತ್ರ ತೆಗೆದರು, ಸಣ್ಣ ದನಿಯಲ್ಲಿ ಕೇಳಿದರು:

"ಮಾಸ್ತರ್, ಜೂನ್‌ದಾಗ ಇನ್ನೊಬ್ಬಾಂವಗ ಜಾಗಾ ಅದ ಏನ್ರೀ?"