ರಿಟೈರ್ ಆದ ಡಕೋಟಾ, ರಬಕವಿ ಯಜಮಾನ್ರ ಸಂಶೆ

ಮಿಲಿಟರಿಯಾಗ ಒಂದು ವಿಮಾನ ರಿಟೈರ್ ಆತು ಅಂತ ಯಾರರ ಹೇಳಿದ್ರ ನಾ ಮೊದಲ ಕೇಳೂದು, “ಎಷ್ಟನೇ ಸಲ?” ಅಂತ. ಇಂಥಾವು ನನ್ನ ಬೆನ್ನ ಬಿಡಂಗಿಲ್ಲ. ಊರು ಜಮಖಂಡಿ, ನೌಕರಿ ಮಿಲಿಟರಿ ವಿಮಾನದ ಮೆಕ್ಯಾನಿಕ್. ಸಂಶೆ ಪಡೂದಕ್ಕ ಪಗಾರ ಕೊಡೂ ನೌಕರಿ ಅದು. ಬೋಲ್ಟ್ ಬಿಗಿ ಐತಿ ಅಂತ ಯಾರರ ಅಂದ್ರ ಹೋಗಿ ಇನ್ನೊಮ್ಮಿ ತಿರುವಿ ನೋಡಬೇಕು. ಹಂಗ ನೋಡಿ ನೋಡಿ ಮನ್ಯಾಗ ಚಾದಾಗ ಸಕ್ಕರಿ ಹಾಕೇನಿ ಅಂದ್ರೂ ನಂಬದಂಥಾ ಚಟ ಬಿದ್ದೈತಿ.

ನಮ್ಮ ಕಡೆ ಕಿಡಕಿ ಮುಚ್ಚಿದ್ರ ಬಾಗಲಾ ಕಳಚೋ ಬಸ್ಸಿಗೆ ಡಕೋಟಾ ಅಂತಾರ. ನಾ ಕೆಲಸ ಮಾಡಿದ್ದು ಖರೆ ಡಕೋಟಾದ ಮ್ಯಾಲ. ಎರಡು ಇಂಜಿನ್ನಿನ ಸಾಮಾನು ಹೊರೂ ವಿಮಾನ, ವಯಸ್ಸಿನ್ಯಾಗ ನನಗಿಂತ ದೊಡ್ಡದು. ಗುಡ್ಡದ ಮ್ಯಾಲಿನ ಠಾಣ್ಯಾದಾಗ ಇರೋ ಸಿಪಾಯಿಗಳಿಗೆ ಅಕ್ಕಿ, ಉಪ್ಪು, ಬೆಲ್ಲ, ಚಿಮಣಿ ಎಣ್ಣಿ ಮ್ಯಾಲಿಂದ ಒಗದು ಬರೂದು ಅದರ ಕೆಲಸ. ಅದು ರಿಟೈರ್ ಆಗೂ ಹೊತ್ತಿನ್ಯಾಗ ನನ್ನ ಲಗ್ನದ ಮಾತು ಸುರು ಆತು. ಮುಂದಿನ ಎಲ್ಲಾ ತ್ರಾಸು ಅಲ್ಲಿಂದ.

೧. ಕನ್ಯಾ ನೋಡಾಕ ಹೋದದ್ದು

ಸೂಟಿ ಮ್ಯಾಲ ಊರಿಗೆ ಬಂದಿದ್ದೆ. ನಮ್ಮವ್ವ ನನ್ನ ಕರಕೊಂಡು ರಬಕವಿಗೆ ಹೋದ್ಲು. ಕನ್ಯಾದ ಅಪ್ಪಾರು ಸೀರಿ ನೇಯಿಸೋ ಯಜಮಾನ್ರು. ಮನಿ ಮುಂದಿನ ಖೋಲ್ಯಾಗ ಮಂದಿ, ಹಿಂದಿನ ಖೋಲ್ಯಾಗ ಪವರ್‌ಲೂಮ್. ಮಾತಾಡಬೇಕಂದ್ರ ಕರೆಂಟ್ ಹೋಗೂದು ಕಾಯಬೇಕು.

ಕರೆಂಟ್ ಹೋತು. ಯಜಮಾನ್ರು ಸುರು ಮಾಡಿದ್ರು.

“ವಿಮಾನ ಹಾರಸ್ತೀರೇನು?”

“ಇಲ್ರಿ, ರಿಪೇರಿ ಮಾಡ್ತೇನಿ.”

“ಹೊಸಾದೋ, ಹಳೇದೋ?”

“ಹಳೇದ್ರಿ. ಡಕೋಟಾ.”

“ರೇಡಿಯೋದಾಗ ಹೇಳಿದ್ರು, ಹಳೇ ವಿಮಾನ ತಗದ ಹಾಕ್ತಾರಂತ. ತಗದ ಹಾಕಿದ ಮ್ಯಾಲ ನೀವೇನು ಮಾಡ್ತೀರಿ?”

“ಹೊಸಾದರ ಕೆಲಸಾ ಕಲಸ್ತಾರ್ರಿ.”

ಅವರು ಹಿಂದಿನ ಖೋಲಿ ಕಡೆ ಕೈ ಮಾಡಿದ್ರು. ಅಲ್ಲಿ ಮೂಲ್ಯಾಗ ಒಬ್ಬ ಹಿರೇ ಮನಷ್ಯಾ ಸುಮ್ಮನ ಕುಂತಿದ್ದ. “ಅಂವ ನಮ್ಮಣ್ಣ. ಕೈಮಗ್ಗ ತಗದು ಪವರ್‌ಲೂಮ್ ಹಾಕಿದಾಗ ಅವಂಗೂ ಹಿಂಗ ಅಂದಿದ್ವಿ, ಹೊಸಾದು ಕಲಸ್ತೇವಿ ಅಂತ. ಎಂಟು ವರ್ಷ ಆತು, ಇನ್ನೂ ಕಲೀಲಿಕ್ಕೆ ಕುಂತಾನ.”

ಆವಾಗ ಕನ್ಯಾ ಚಾ ತಂದ್ಲು. ಕಪ್ಪ ಕೊಡುವಾಗ ಅಪ್ಪಗ ಕೇಳಿಸದಂಗ ಒಂದ ಮಾತು ಕೇಳಿದ್ಲು. “ನೀವು ರಿಪೇರಿ ಮಾಡಿದ್ದರಾಗ ನೀವೂ ಹತ್ತತೀರೇನ್ರಿ?”

“ಹತ್ತಸ್ತಾರ್ರಿ. ಪೈಲಟ್‌ಗೂ ನಮ್ಮ ಮ್ಯಾಲ ನಂಬಿಕಿ ಇಲ್ಲ.”

ಆಕಿ ಬಾಯಿಗೆ ಸೆರಗ ಹಿಡದು ನಕ್ಕಳು. ನನಗ ಆಕಿ ಅಲ್ಲೇ ಮನಸ್ಸಿಗೆ ಬಂದ್ಲು. ಮಾಡಿದ್ರ ಈಕಿನ್ನ ಅಂತ ಹೊರಗ ಬಂದ ಕೂಡ್ಲೆ ಅವ್ವಗ ಹೇಳಿದೆ. ಅವ್ವ ಅಂದ್ಲು, “ನಿಂದ ಆತಪಾ. ಅಕಿ ಅಪ್ಪ ನಿನ್ನ ಚಾಕ್ಕೂ ನಂಬಿಲ್ಲ. ನೀ ಕಪ್ಪ ಇಡೂತನಕ ಕಪ್ಪ ನೋಡಾಕತ್ತಿದ್ದ.”

೨. ಫೋಟೋದ ಪರೀಕ್ಷಾ

ವಾರದಾಗ ಯಜಮಾನ್ರು ಜಮಖಂಡಿಗೆ ನಮ್ಮ ಮನಿ ನೋಡಾಕ ಬಂದ್ರು. ಮನಿ ನೋಡೂದು ಅಂದ್ರ ಸುಮ್ಮನ ಅಲ್ಲ. ತೊಲಿ ಬಡದು ನೋಡಿದ್ರು, ಭಾಂವಿ ಬಗ್ಗಿ ನೋಡಿದ್ರು, ಬಾಜೂ ಮನಿಯವರನ್ನ ಕರದು, ಹುಡುಗ ಸಾಲಿಯಾಗ ಹೆಂಗಿದ್ದ ಅಂತ ಕೇಳಿದ್ರು. ಆಮ್ಯಾಲ ಅವ್ವ ಅಭಿಮಾನದಿಂದ ನನ್ನ ಫೋಟೋ ತಂದು ತೋರಿಸಿದ್ಲು. ವಿಮಾನದ ಮುಂದ ನಾ ಸ್ಪ್ಯಾನರ್ ಹಿಡದು ನಿಂತದ್ದು.

ಯಜಮಾನ್ರು ಫೋಟೋ ದೂರ ಹಿಡದ್ರು, ಹಂತ್ಯಾಕ ಹಿಡದ್ರು. “ಇದು ಪರದೆ ಅಲ್ಲೇನು?”

ಅವರ ಸಂಶೇದಾಗ ತಪ್ಪ ಇರಲಿಲ್ಲ. ನಮ್ಮ ಊರಿನ ಫೋಟೋ ಸ್ಟುಡಿಯೋದಾಗ ವಿಮಾನದ ಚಿತ್ರ ತೆಗೆದ ಪರದೆ ಇತ್ತು, ಅದರಾಗ ಕಿಡಕಿಗೊಂದು ತೂತು. ತಲಿ ತೂರಿಸಿದ್ರ ಸಾಕು, ಪೈಲಟ್. ಬೀಳಗಿಯಿಂದ ಸಂತಿಗೆ ಬಂದವರು, ಮುಧೋಳದಿಂದ ಕೋರ್ಟಿಗೆ ಬಂದವರು, ಎಲ್ಲಾರೂ ಹಂಗ ಫೋಟೋ ತೆಗಿಸಿದವರ. ಹಂಗ ನೋಡಿದ್ರ ಬೀಳಗಿ ಒಂದರಾಗ ಒಂದು ದಂಡಿಗೆ ಸಾಲೂವಷ್ಟು ಪೈಲಟ್‌ಗಳಿದ್ರು.

ಯಜಮಾನ್ರು ಅಂಗಿ ಕಿಸೆದಾಗಿಂದ ಭೂತಗನ್ನಡಿ ತಗದ್ರು. ಅದು ಅರಿವಿಯ ನೂಲು ಎಣಿಸೋ ಸಣ್ಣ ಕನ್ನಡಿ, ನೇಕಾರಿಕಿ ಮಂದಿ ಕಿಸೆದಾಗ ಯಾವಾಗ್ಲೂ ಇರ್ತೈತಿ. ಫೋಟೋದ ಮ್ಯಾಲಿಟ್ಟು, ಒಂದು ಕಣ್ಣ ಮುಚ್ಚಿ, ವಿಮಾನದ ರೆಕ್ಕಿಯಿಂದ ಬಾಲದ ತನಕ ನೋಡಿದ್ರು.

“ನೂಲು ಕಾಣವಲ್ಲದು,” ಅಂದ್ರು. “ಪರದೆ ಅಲ್ಲ. ವಿಮಾನ ಖರೆ ಐತಿ.”

ಅವ್ವ ಸಕ್ಕರಿ ತರಾಕ ಎದ್ಲು.

“ತಡೀರಿ ಅವ್ವಾರ. ವಿಮಾನ ಖರೆ ಐತಿ ಅಂದೆ, ಹುಡುಗಂದು ಅಂತ ಅಂದಿಲ್ಲ. ನಾನೂ ಬೆಂಗಳೂರಿಗೆ ಹೋದಾಗ ವಿಧಾನಸೌಧದ ಮುಂದ ನಿಂತು ಫೋಟೋ ತೆಗಿಸೇನಿ.”

೩. ಕಡೇ ಸಲದ ಪೇಢೆ

ಸೂಟಿ ಮುಗಿಸಿ ಹೊಳ್ಳಿ ಹೋದೆ. ಹೋದ ಕೂಡ್ಲೆ ದೊಡ್ಡ ಸಾಹೇಬ್ರು ಎಲ್ಲಾರ್ನೂ ಸಾಲಾಗಿ ನಿಲ್ಲಿಸಿ ಕಾಗದ ಓದಿದ್ರು. ಬರೋ ಒಂದನೇ ತಾರೀಖಿಂದ ಡಕೋಟಾ ರಿಟೈರ್. ಒಂದನೇ ತಾರೀಖಿಗೆ ಅದು ಕಡೇ ಸಲ ಹಾರಿ ಬಂತು. ನಾವು ಪೇಢೆ ಹಂಚಿದ್ವಿ. ಸ್ಪ್ಯಾನರ್ ಎಲ್ಲಾ ಒರಸಿ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಿದ್ವಿ.

ಎರಡನೇ ತಾರೀಖಿಗೆ ಗುಡ್ಡದ ಠಾಣ್ಯಾದಿಂದ ವೈರ್‌ಲೆಸ್ ಬಂತು. ಉಪ್ಪು ಮುಗದೈತಿ.

ಹೊಸಾ ವಿಮಾನ ಬಂದಿತ್ತು, ಇಲ್ಲ ಅನ್ನಂಗಿಲ್ಲ. ಬಾಳ ಚಂದ ಇತ್ತು, ಜೋರೂ ಇತ್ತು. ಆ ಜೋರ ಅದರ ತ್ರಾಸು. ಎರಡು ಗುಡ್ಡದ ಸಂದ್ಯಾಗ ಸಾವಕಾಶ ಹೋಗಿ, ಚೀಲಾ ಒಗದು, ಅಷ್ಟ ಜಾಗಾದಾಗ ಹೊಳ್ಳೂದು ಅದಕ್ಕ ಆಗತಿರಲಿಲ್ಲ. ಡಕೋಟಾ ಎಮ್ಮಿ ಹೊಳ್ಳಿದಂಗ ಹೊಳ್ಳಿ ಬರ್ತಿತ್ತು.

ಸಾಹೇಬ್ರು ನನ್ನ ಕರದು, “ಒಂದ ಸಲ,” ಅಂದ್ರು.

ಪೆಟ್ಟಿಗಿ ಕೀಲಿ ತಗದ್ವಿ. ಕಡೇ ಸಲ ಹಾರ್ತು. ಪೇಢೆ ಹಂಚಿದ್ವಿ. ಐದನೇ ತಾರೀಖಿಗೆ ಅಕ್ಕಿ ಬೇಕಾತು. ಕಡೇ ಸಲ, ಪೇಢೆ. ಒಂಬತ್ತಕ್ಕ ಚಿಮಣಿ ಎಣ್ಣಿ. ಪೈಲಟ್ ಪ್ರತೀ ಸಲ ನನ್ನ ಮಾರಿ ನೋಡಿ, “ನೀ ರಿಪೇರಿ ಮಾಡೀಯಿಲ್ಲೋ, ನೀನೂ ಹತ್ತು,” ಅಂತಿದ್ದ. ನಾ ಹತ್ತಿ ಕುಂತು ಒಂದೊಂದ ಬೋಲ್ಟಿನ ಸಪ್ಪಳ ಕೇಳ್ತಿದ್ದೆ. ಖರೆ ಹೇಳ್ತೇನಿ, ಹೆದರಿಕಿ ಆಗತಿತ್ತು. ಆದ್ರ ಬಾಗಲದಾಗಿಂದ ಚೀಲಾ ದೂಡಿದಾಗ ಕೆಳಗ ಬರ್ಫದಾಗ ಸಣ್ಣ ಸಣ್ಣ ಮಂದಿ ಓಡಿ ಬರೂದು ಕಾಣ್ತಿತ್ತು, ಕೈ ಬೀಸ್ತಿದ್ರು. ಅದನ್ನ ನೋಡಿದ ಮ್ಯಾಲ ನಾಳೆ ಹೋಗಂಗಿಲ್ಲ ಅಂತ ಯಾವ ಬಾಯಿಲೆ ಹೇಳೂದು?

ತಿಂಗಳ ಕಡಿಗೆ ಮೆಸ್ಸಿನ ಅಡಗಿಯಾಂವ ಬಂದು ಕೈ ಮುಗದ. “ಸಾಹೇಬ್ರ, ಇದು ಕಡೇ ಸಲ ಅಲ್ಲ ಅಂತ ಒಂದ ಸಲರ ಹೇಳ್ರಿ. ಪೇಢೆ ಸಲುವಾಗಿ ಹಾಲು ಕಾಸಿ ಕಾಸಿ ಸಾಕಾಗೈತಿ.”

೪. ತಾರು ಮತ್ತ ಕಾರ್ಡು

ಇತ್ತ ಯಜಮಾನ್ರು ಹೂಂ, ಊಹೂಂ ಅನ್ನೂದರ ನಡಬರಕ ಬಂದಿದ್ರು. ಲಗ್ನದ ತಾರೀಖು ತಗಸಿ, ಹುಡುಗ ಬಂದ್ರ ಮಾಡೂಣು ಅಂದಿದ್ರು. ಮೊದಲನೇ ಸಲ ಪೇಢೆ ಹಂಚಿದ ದಿನ ನಾ ಖುಷಿಯಿಂದ ಕಾರ್ಡು ಬರದೆ: ವಿಮಾನ ರಿಟೈರ್ ಆಗೈತಿ, ನನ್ನ ಸೂಟಿ ಮಂಜೂರ್ ಆಗೈತಿ, ಬರ್ತೇನಿ. ಕಾರ್ಡು ಹಾಕಿದ ನಾಲ್ಕ ದಿನಕ್ಕ ಸೂಟಿ ರದ್ದಾತು. ತಂತಿ ಆಫೀಸಿಗೆ ಹೋಗಿ ತಾರು ಕಳಿಸಿದೆ: ವಿಮಾನ ಹಾರಬೇಕು, ಸೂಟಿ ಇಲ್ಲ.

ತಾರು ಓಡಿ ಹೋತು, ಕಾರ್ಡು ನಡಕೋತ ಹೋತು. ಎರಡೂ ರಬಕವಿಗೆ ಒಂದ ದಿನ ಮುಟ್ಟಿದ್ವು.

ಯಜಮಾನ್ರು ಎರಡೂ ಮುಂದ ಇಟ್ಕೊಂಡು ಕುಂತ್ರಂತ. “ತಾರು ಯಾರ ಕೈಲೆ ಬರದದ್ದೋ ಗೊತ್ತಾಗಂಗಿಲ್ಲ. ಕಾರ್ಡು ಹುಡುಗನ ಕೈಬರಹ. ಕಾರ್ಡು ಖರೆ,” ಅಂದು ಮನಿ ಮುಂದ ಹಂದರಾ ಹಾಕಿಸಿ ಬಿಟ್ರು.

ಹಂದರಾ ಬಂತು, ಬಳಗದವರು ಬಂದ್ರು, ಬುಂದೇ ಕರದ್ರು. ನಾ ಬರಲಿಲ್ಲ. ನಾ ಬರ್ಫದ ಮ್ಯಾಲ ಚೀಲಾ ಒಗ್ಯಾಕತ್ತಿದ್ದೆ.

ಯಜಮಾನ್ರು ಸಿಟ್ಟಿಗೆದ್ದು ಜಮಖಂಡಿಗೆ ಬಂದು ಅವ್ವನ ಮುಂದ ನಿಂತ್ರು. ಇದನ್ನ ಅವ್ವ ನನಗ ಎಷ್ಟ ಸಲ ಹೇಳ್ಯಾಳೋ ಲೆಕ್ಕ ಇಲ್ಲ.

“ಹುಡುಗ ಯಾಕ ಬರಲಿಲ್ಲ?”

“ವಿಮಾನ ಹಾರಾಕತ್ತೈತ್ರಿ.”

“ಅದು ರಿಟೈರ್ ಆಗೈತಿ ಅಂತ ಅವನ ಬರದಾನ.”

“ಹೌದ್ರಿ, ರಿಟೈರ್ ಆಗೈತಿ.”

“ಮತ್ತ?”

“ರಿಟೈರ್ ಆಗಿ ಹಾರಾಕತ್ತೈತ್ರಿ.”

ಯಜಮಾನ್ರು ಕಟ್ಟಿ ಮ್ಯಾಲ ಕುಂತ್ರಂತ. ದನಿ ಸಣ್ಣದು ಮಾಡಿ ಕೇಳಿದ್ರಂತ, “ಅವ್ವಾರ, ಬಿಚ್ಚಿ ಹೇಳ್ರಿ. ಹುಡುಗ ಅಲ್ಲಿ ಇನ್ನೊಂದು ಸಂಸಾರ ಮಾಡ್ಯಾನೇನು?”

ಅವ್ವಗ ಸಿಟ್ಟು ಬರಲಿಲ್ಲ, ಅಳು ಬಂತು. “ಇಲ್ಲಿ ಒಬ್ಬಾಕಿನ್ನ ತಗೊಳ್ಳಾಕ ನಿಮ್ಮ ಮನಿ ಅಡ್ಯಾಡಿ ನನ್ನ ಚಪ್ಪಲಿ ಸವದ್ವು. ಎರಡನೇಕಿನ್ನ ಕೊಡೂ ಅಷ್ಟ ಭೋಳೆ ಮಂದಿ ಎಲ್ಲ್ಯದಾರ್ರಿ?”

ಯಜಮಾನ್ರು ಅದನ್ನ ಮಾತ್ರ ಒಪ್ಪಿದ್ರು. ಆದ್ರ ಎದ್ದು ಹೋಗುವಾಗ ಕಡೇ ಮಾತು ಹೇಳಿ ಹೋದ್ರು: ನಾ ಸ್ವತಾ ಹೋಗಿ ನೋಡ್ತೇನಿ. ಹುಡುಗನ ಮಾತು ಖರೆ ಇದ್ರ ಲಗ್ನ. ಸುಳ್ಳ ಇದ್ರ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಮಗ ತಯಾರ ಅದಾನ.

೫. ಬೀಳ್ಕೊಡುಗಿ

ಮಿರಜದಾಗ ರೈಲು ಹತ್ತಿ, ಮೂರು ದಿನಾ ಕಟಿ ರೊಟ್ಟಿ, ಶೇಂಗಾ ಚಟ್ನಿ ತಿನ್ಕೋತ, ಯಜಮಾನ್ರು ನಮ್ಮ ಗೇಟಿಗೆ ಬಂದು ನಿಂತ್ರು. ನನ್ನ ನಸೀಬು ನೋಡ್ರಿ. ಅವತ್ತ ಡಕೋಟಾದ ಬೀಳ್ಕೊಡುಗಿ ಸಮಾರಂಭ. ಮ್ಯಾಲಿನ ಕಚೇರಿಯಿಂದ ಸಿಟ್ಟಿನ ಪತ್ರ ಬಂದಿತ್ತು, ಈ ಸಲ ಖರೆ ಖರೆ ರಿಟೈರ್ ಮಾಡ್ರಿ ಅಂತ. ಮನಿ ಮಂದೀನ್ನ ಕರಿಯಾಕ ಪರವಾನಗಿ ಇತ್ತು. ಹಂಗಾಗಿ ಅವರನ್ನೂ ಒಳಗ ಬಿಟ್ರು.

ವಿಮಾನ ಹಾರಬೇಕು, ಅದಕ್ಕ ಬರಲಿಲ್ಲ ಅಂತ ಹೇಳಿದಾಂವ ನಾ. ಇಲ್ಲಿ ನೋಡಿದ್ರ ಅದಕ್ಕ ಹಾರ ಹಾಕಿ, ತೆಂಗಿನಕಾಯಿ ಒಡದು, ಕುರ್ಚಿ ಹಾಕಿ ಕಳಸಾಕತ್ತಾರ. ಹುಡುಗಿ ಕೈ ಬಿಟ್ಟು ಹೋದ್ಲು ಅಂತ ತಿಳಕೊಂಡೆ.

ಸಾಹೇಬ್ರು ಭಾಷಣ ಮಾಡಿದ್ರು. ಈ ವಿಮಾನ ಇನ್ನ ಎಂದೂ ಹಾರಂಗಿಲ್ಲ, ವಿಶ್ರಾಂತಿ ತಗೋತೈತಿ ಅಂದ್ರು. ಮಂದಿ ಕಣ್ಣ ಒರಸಿಕೊಂಡ್ರು. ನಾನೂ ಅತ್ತೆ, ಎರಡೂ ಕಾರಣಕ್ಕ.

ಯಜಮಾನ್ರು ಅಳಲಿಲ್ಲ. ಕೈ ಹಿಂದ ಕಟ್ಟಿ, ಸೆಕೆಂಡ್ ಹ್ಯಾಂಡ್ ಲೂಮ್ ತಗೊಳ್ಳಾಕ ಬಂದವರಂಗ ವಿಮಾನಕ್ಕ ಸುತ್ತ ಹಾಕಿದ್ರು. ಗಾಲಿ ಒತ್ತಿ ನೋಡಿದ್ರು. ಇಂಜಿನ್ ಕೆಳಗ ಬಗ್ಗಿ, ಬೊಟ್ಟ ಹಚ್ಚಿ, ಮೂಸಿ ನೋಡಿದ್ರು. ಆಮ್ಯಾಲ ಸೀದಾ ಸಾಹೇಬ್ರ ಕಡೆ ನಡದ್ರು. ಅವರು ಸಂತಿ ಹಿಂದಿಯಾಗ ಕೇಳಿದ್ದನ್ನ ನಮ್ಮ ಮಾತಿನ್ಯಾಗ ಹೇಳ್ತೇನಿ.

“ಸಾಹೇಬ್ರ, ನಾ ಹಳೇ ಮಗ್ಗ ಭಾಳ ಮಾರೇನಿ. ಗುಜರಿಗೆ ಹಾಕೂ ಮಗ್ಗಕ್ಕ ಮುಂಜಾನೆ ಎದ್ದು ಹೊಸಾ ಎಣ್ಣಿ ಹಾಕಿದಾಂವನ್ನ ನಾ ನೋಡಿಲ್ಲ.”

ಸಾಹೇಬ್ರು ನನ್ನ ನೋಡಿದ್ರು. ನಾ ನನ್ನ ಬೂಟ ನೋಡಿದೆ. ಎಣ್ಣಿ ಹಾಕಿದಾಂವ ನಾನ, ಹಾಕು ಅಂದವರು ಅವರ.

ಸಾಹೇಬ್ರು ಆಚೀಚೆ ನೋಡಿ, ಸಣ್ಣ ದನಿಯಾಗ ಹೇಳಿದ್ರು, “ನಾಳೆ ಮುಂಜಾನೆ ಆರಕ್ಕ ಹಾರ್ತೈತಿ. ಮ್ಯಾಲ ನಲವತ್ತು ಮಂದಿ ಅದಾರ. ಮೂರು ದಿನದ ಅಕ್ಕಿ ಉಳದೈತಿ. ಯಾರ ಮುಂದೂ ಹೇಳಬ್ಯಾಡ್ರಿ.”

ಯಜಮಾನ್ರು ನನ್ನ ಕಡೆ ಹೊಳ್ಳಿದ್ರು. ಆ ಮ್ಯಾಲ ಮೊದಲನೇ ಸಲ ನನ್ನ ಹೆಗಲ ಮ್ಯಾಲ ಕೈ ಇಟ್ರು.

“ನಮ್ಮಣ್ಣನ ಮಗ್ಗಕ್ಕ ಎಣ್ಣಿ ಹಾಕೋರು ಯಾರೂ ಇರಲಿಲ್ಲ. ಅದಕ್ಕ ಅಂವ ಕುಂತ. ಅದನ್ನ ನೆನಿಸಿ ನನಗ ಮಗಳದ ಹೆದರಿಕಿ ಇತ್ತು,” ಅಂದ್ರು. “ಬೀಳ್ಕೊಟ್ಟ ಮ್ಯಾಲೂ ಎಣ್ಣಿ ಹಾಕ್ತಾರಂದ್ರ ಈ ನೌಕರಿಗೆ ಏನೂ ಆಗಂಗಿಲ್ಲ. ಹುಡುಗೀನ್ನ ಕೊಟ್ಟೇನಿ. ಸಾಹೇಬ್ರ, ಸೂಟಿ ಕೊಡ್ರಿ. ಬಾಯಿಮಾತು ಬ್ಯಾಡ, ಕಾಗದದ ಮ್ಯಾಲ.”

ಸಾಹೇಬ್ರಿಗೂ ಖುಷಿ ಆತು. ಅಲ್ಲೇ ಮೇಜಿನ ಮ್ಯಾಲ ಬರದು ಕೊಟ್ರು. ಯಜಮಾನ್ರು ಕಾಗದ ನನ್ನ ಕೈಯಾಗಿಟ್ಟು, “ಏನ ಬರದಾರ ಓದ್ರಿ ಅಳಿಯಂದಿರ,” ಅಂದ್ರು.

ಓದಿದೆ. “ಒಂದು ತಿಂಗಳ ಸೂಟಿ ಮಂಜೂರ್. ಡಕೋಟಾ ಹಾರೂದು ನಿಂತ ದಿನದಿಂದ ಸುರು.”

ಯಜಮಾನ್ರು ಕಾಗದ ಇಸಕೊಂಡು, ಎರಡೂ ಕೈಲೆ ಸಾಹೇಬ್ರಿಗೆ ಹೊಳ್ಳಿ ಕೊಟ್ರು.

“ಸಾಹೇಬ್ರ, ನಮ್ಮ ಹುಡುಗಿಗೆ ಈಗ ಇಪ್ಪತ್ತೆರಡು. ನೀವು ಬರದ ದಿನಾ ಕಾಯ್ಕೋತ ಕುಂತ್ರ ಲಗ್ನದ ಅಕ್ಕಿಕಾಳು ಬೀಳೂದರಾಗ ಹುಡುಗನೂ ರಿಟೈರ್, ನೀವೂ ರಿಟೈರ್, ನಾ ಅಂತೂ ಇರಂಗಿಲ್ಲ. ಹಂದರದ ಮ್ಯಾಲ ಇದೊಂದ ಹಾರಾಕತ್ತಿರ್ತೈತಿ.”

ಸಾಹೇಬ್ರು ಪೆನ್ನ ತಗದ್ರು. ಆ ಸಾಲು ಹೊಡದ ಹಾಕಿ, ಯಜಮಾನ್ರು ಹೇಳಿದ ತಾರೀಖು ಬರದು ಸಹಿ ಮಾಡಿದ್ರು.